ಹಿತ್ತಿಲಿನಿಂದ ಎಲೆಗೆ

ಮೈಸೂರಿನ ಸುತ್ತಣ ನೆಲದಲ್ಲಿ ಬೆಳೆದುದನ್ನೇ ಬಡಿಸುವ ಹಳ್ಳಿಯ ಹೋಟೆಲೊಂದು ಹೇಗೆ ನಡೆದೀತು? ಅದರಿಂದ ಉಣ್ಣುವವರಿಗೂ ಬೆಳೆಯುವವರಿಗೂ ಏನು ದೊರೆತೀತು?

“ಹಿತ್ತಿಲ ಗಿಡ ಮದ್ದಲ್ಲ” ಎಂಬ ಗಾದೆಯನ್ನು ಕಟ್ಟಿದವರು ಮನುಷ್ಯನ ಸ್ವಭಾವವನ್ನು ಚೆನ್ನಾಗಿ ಬಲ್ಲವರು. ಕಣ್ಣೆದುರಿಗೆ ಬೆಳೆದು ನಿಂತುದಕ್ಕೆ ನಾವು ಬೆಲೆ ಕೊಡುವುದಿಲ್ಲ. ದೂರದಿಂದ ಬಂದುದಕ್ಕೆ ಮಣೆ ಹಾಕುತ್ತೇವೆ. ಗಾದೆ ಮದ್ದನ್ನು ಕುರಿತದ್ದಾದರೂ ಅಡಿಗೆಗೂ ಅಷ್ಟೇ ಸಲ್ಲುತ್ತದೆ. ಮೈಸೂರಿಗೆ ಬರುವ ಪ್ರವಾಸಿಯನ್ನೇ ನೋಡಿ. ಅರಮನೆ, ಚಾಮುಂಡಿಬೆಟ್ಟ, ಕನ್ನಂಬಾಡಿ ಎಲ್ಲವನ್ನೂ ಕಣ್ತುಂಬ ಕಂಡು, ಹಸಿದು ಹೋಟೆಲಿಗೆ ಬರುತ್ತಾನೆ. ಅವನ ತಟ್ಟೆಯ ಕ್ಯಾರೆಟ್ಟು ನೀಲಗಿರಿಯದಿರಬಹುದು, ಟೊಮೆಟೊ ಕೋಲಾರದ್ದಿರಬಹುದು, ಈರುಳ್ಳಿ ಇನ್ನೆಲ್ಲಿಯದೋ. ನಂಜನಗೂಡಿನ ರಸಬಾಳೆ, ಈರನಗೆರೆಯ ಬದನೆ, ನಂಜನಗೂಡು ರಸ್ತೆಯ ತೋಟಗಳ ಚಿಗುರು ವೀಳ್ಯದೆಲೆ, ಇವು ಮೈಸೂರಿನ ಹೆಸರನ್ನು ನಾಡಿಗೆಲ್ಲ ಹರಡಿದ ಪದಾರ್ಥಗಳು. ಇವುಗಳ ರುಚಿಯನ್ನು ಕಾಣದೆಯೇ ಅವನು ಮರಳಿ ರೈಲು ಹತ್ತುತ್ತಾನೆ.

ಪೇಟೆಯ ಹೋಟೆಲಿನ ಮೇಲೆ ಇದಕ್ಕಾಗಿ ಹೆಚ್ಚು ತಪ್ಪು ಹೊರಿಸುವಂತಿಲ್ಲ. ನೂರಾರು ಜನರಿಗೆ ಪ್ರತಿದಿನವೂ ಒಂದೇ ರುಚಿಯ ಸಾಂಬಾರನ್ನು ಒದಗಿಸಬೇಕಾದವರು ಮಳೆ ಬಂತೆ, ಹೂವು ಉದುರಿತೆ ಎಂದು ಕಾಯುತ್ತ ಕೂರಲಾರರು. ಆದರೆ ಹೊಲದ ಅಂಚಿನಲ್ಲಿಯೇ, ಹಳ್ಳಿಯ ಮಡಿಲಿನಲ್ಲಿಯೇ ಎದ್ದಿರುವ ಹೋಟೆಲುಗಳ ಮಾತು ಬೇರೆ. 1974ರಲ್ಲಿ ಕಬಿನಿಯ ಅಣೆಕಟ್ಟು ಮುಗಿದು, 1980ರಲ್ಲಿ ರಾಜ್ಯದ ಜಂಗಲ್ ಲಾಡ್ಜಸ್ ಸಂಸ್ಥೆ ಹುಟ್ಟಿ, ಹೆಗ್ಗಡದೇವನಕೋಟೆಯ ಕಾರಾಪುರದಲ್ಲಿ ವಸತಿಗೃಹ ತೆರೆದ ಮೇಲೆ, ಮೈಸೂರಿನ ಆಸುಪಾಸಿನ ಹಳ್ಳಿಗಾಡಿನಲ್ಲಿ ಖಾಸಗಿಯವರೂ ಅನೇಕ ವಸತಿಗೃಹಗಳನ್ನು ತೆರೆದಿದ್ದಾರೆ. ಪೇಟೆಯ ಗದ್ದಲದಿಂದ ಬೇಸತ್ತ ಕುಟುಂಬಗಳು ಎರಡು ದಿನದ ಬಿಡುವು ಸಿಕ್ಕರೆ ಇಂಥ ಕಡೆಗೆ ಹೊರಡುತ್ತವೆ. ಹಳ್ಳಿಗೆಂದು ಹೋದವರಿಗೆ ಅಲ್ಲಿ ಸಿಗುವ ಊಟ ಯಾವುದು?

ಒಮ್ಮೆ ಡಿಸೆಂಬರಿನ ಕೊನೆಯಲ್ಲಿ ಸಹೋದ್ಯೋಗಿಗಳೊಡನೆ ಇಂಥದೊಂದು ಹೋಟೆಲಿನಲ್ಲಿ ತಂಗಿದ್ದೆ. ಅದರ ಬೇಲಿಯಾಚೆಗೆ ಅವರೆಯ ಹೊಲ. ಇಬ್ಬನಿ ಬಿದ್ದು ಸೊಗಡು ಗಾಳಿಯಲ್ಲೆಲ್ಲ ತುಂಬಿತ್ತು. ಊಟಕ್ಕೆ ಕುಳಿತರೆ ಪನೀರಿನ ಗೊಜ್ಜು, ರೊಟ್ಟಿ, ಡಬ್ಬಿಯ ಅನಾನಸು. “ಅವರೆಕಾಳಿನ ಸಾರು ಮಾಡುವುದಿಲ್ಲವೇನಪ್ಪ?” ಎಂದು ಕೇಳಿದಾಗ ಬಡಿಸುವ ಹುಡುಗ ನಾಚಿಕೊಂಡು, “ಅದು ನಮ್ಮ ಮನೆ ಊಟ ಸಾರ್, ಹೋಟ್ಲು ಊಟ ಅಲ್ಲ” ಎಂದ. ಅವನ ಮನೆಯಲ್ಲಿ ಅಂದು ಹಿದುಕವರೆಯ ಸಾರೇ ಆಗಿತ್ತಂತೆ. ತನ್ನ ಊರಿನ ಅತ್ಯುತ್ತಮವಾದುದನ್ನು ಅತಿಥಿಯ ಮುಂದಿಡಲು ಯೋಗ್ಯವಲ್ಲವೆಂದು ಆ ಹುಡುಗ ನಂಬಿದ್ದ. ಈ ನಂಬಿಕೆ ಬದಲಾಗದ ಹೊರತು ಹಳ್ಳಿಯಲ್ಲಿ ಹೋಟೆಲು ಇರಬಹುದು, ಹಳ್ಳಿಯ ಹೋಟೆಲು ಇರಲಾರದು.

ತೋಟವೂ ಅಡಿಗೆಯೂ ಒಂದೇ ಗ್ರಂಥದಲ್ಲಿ

ತೋಟ ಬೇರೆ, ಅಡಿಗೆಮನೆ ಬೇರೆ ಎಂಬ ಎಣಿಕೆ ನಮ್ಮ ಹಿಂದಿನವರಿಗೆ ಇರಲಿಲ್ಲ. ಚಾಳುಕ್ಯ ದೊರೆ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯ 1025ರ ಸುಮಾರಿಗೆ ‘ಲೋಕೋಪಕಾರ’ವೆಂಬ ಕನ್ನಡ ಗ್ರಂಥವನ್ನು ರಚಿಸಿದ. ಗೃಹಸ್ಥನಿಗೆ ಬೇಕಾದ ತಿಳಿವಳಿಕೆಯನ್ನೆಲ್ಲ ಒಂದೆಡೆ ಕೂಡಿಸುವುದು ಅದರ ಉದ್ದೇಶ. ನೆಲದಡಿಯ ನೀರನ್ನು ಕಂಡುಹಿಡಿಯುವ ಬಗೆ, ಗಿಡಮರಗಳ ಪೋಷಣೆಯ ವೃಕ್ಷಾಯುರ್ವೇದ, ಅಡಿಗೆಯ ಸೂಪಶಾಸ್ತ್ರ, ಜಾನುವಾರುಗಳ ವೈದ್ಯ, ಇವೆಲ್ಲವೂ ಒಂದೇ ಹೊತ್ತಗೆಯಲ್ಲಿ ಸೇರಿವೆ. ಬಾವಿ, ತೋಟ, ಒಲೆ, ಹಟ್ಟಿ ಇವು ಒಂದೇ ಸಂಸಾರದ ನಾಲ್ಕು ಅಂಗಗಳೆಂದು ಸಾವಿರ ವರ್ಷದ ಹಿಂದಿನ ಕವಿ ತಿಳಿದಿದ್ದ.

ಮೈಸೂರಿಗೆ ಇನ್ನೂ ಹತ್ತಿರದವನೊಬ್ಬನಿದ್ದಾನೆ. ಇಂದಿನ ಹುಣಸೂರು ಸೀಮೆಯ ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸ 16ನೆಯ ಶತಮಾನದ ಆರಂಭದಲ್ಲಿ ‘ಸೂಪಶಾಸ್ತ್ರ’ವನ್ನು ಬರೆದ. ಬದನೆ, ಬಾಳೆ, ಹಲಸುಗಳಿಂದ ಮಾಡಬಹುದಾದ ಬಗೆಬಗೆಯ ಪಾಕಗಳನ್ನು ಅವನು ಷಟ್ಪದಿಯಲ್ಲಿ ಹೇಳುತ್ತ ಹೋಗುತ್ತಾನೆ. ದೊರೆಯ ಅಡಿಗೆಯೆಂದರೆ ದೂರದ ಅಪರೂಪದ ಪದಾರ್ಥಗಳ ಪ್ರದರ್ಶನವೆಂದು ನಾವು ಎಣಿಸುತ್ತೇವೆ. ಮಂಗರಸನಿಗಾದರೋ ಹಿತ್ತಿಲಿನ ಬದನೆಯೊಂದೇ ಹಲವು ಪಾಕಗಳಿಗೆ ಸಾಲುವ ವಸ್ತು. ಒಂದೇ ತರಕಾರಿಯನ್ನು ಹತ್ತು ಬಗೆಯಾಗಿ ಅಟ್ಟು ಬಡಿಸಬಲ್ಲವನಿಗೆ ಲಾರಿಯ ಹಂಗಿಲ್ಲ. ಹಳ್ಳಿಯ ಹೋಟೆಲನ್ನು ತೆರೆಯುವವರು ಕಲಿಯಬೇಕಾದ ಮೊದಲನೆಯ ವಿದ್ಯೆ ಇದೇ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕು. ಮಂಗರಸನ ಕಾಲದ ನಮ್ಮ ಅಡಿಗೆಗೆ ಖಾರವನ್ನು ಕೊಟ್ಟದ್ದು ಮೆಣಸು, ಶುಂಠಿಗಳು. ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ ಇವೆಲ್ಲ ಅಮೆರಿಕ ಖಂಡದಿಂದ ಯುರೋಪಿಯನ್ನರ ಹಡಗುಗಳೊಡನೆ ಆಮೇಲೆ ಬಂದವು. ಬಿ. ಜಿ. ಎಲ್. ಸ್ವಾಮಿಯವರು ತಮ್ಮ ಒಂದು ಪುಸ್ತಕಕ್ಕೆ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’ ಎಂದೇ ಹೆಸರಿಟ್ಟರು. ಮಂಡ್ಯದ ಕೃಷಿ ಕೇಂದ್ರದಲ್ಲಿ ದುಡಿದ, ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ವಿಜ್ಞಾನಿ ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ‘ಇಂಡಾಫ್’ ತಳಿಗಳನ್ನು ಪಡೆದರು. ಮೈಸೂರು ಸೀಮೆಯ ಎಷ್ಟೋ ಮನೆಗಳ ಮುದ್ದೆಗೆ ಅದೇ ರಾಗಿ ಹಿಟ್ಟಾಯಿತು. ಆದುದರಿಂದ ‘ನಮ್ಮ ಊರಿನದು’ ಎಂದರೆ ಬೀಜದ ವಂಶಾವಳಿಯ ಪ್ರಶ್ನೆಯಲ್ಲ. ಈ ಮಣ್ಣಿನಲ್ಲಿ ಬೆಳೆದು, ಈ ಊರಿನವರ ಕೈಗೆ ಒಗ್ಗಿ, ಕಿತ್ತ ದಿನವೇ ಒಲೆ ಸೇರುವಂಥದು ಎಂದಷ್ಟೇ ಅರ್ಥ.

ದಿಕ್ಕಿಗೊಂದು ರುಚಿ

ಈ ಅರ್ಥದಲ್ಲಿ ಮೈಸೂರಿನಷ್ಟು ಅದೃಷ್ಟವಂತ ನಗರಗಳು ಕೆಲವೇ. ಸಮುದ್ರಮಟ್ಟದಿಂದ ಸುಮಾರು 770 ಮೀಟರು ಎತ್ತರದಲ್ಲಿರುವುದರಿಂದ ಬಿಸಿಲು ಸುಡುವುದಿಲ್ಲ, ಚಳಿ ಕೊರೆಯುವುದಿಲ್ಲ. ಮಳೆ ವರ್ಷದಲ್ಲಿ ಎರಡು ಬಾರಿ ಬಿರುಸಾಗುತ್ತದೆ: ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಮತ್ತೊಮ್ಮೆ. ಹೀಗಾಗಿ ನೀರಿನ ಆಸರೆ ಸ್ವಲ್ಪವಿದ್ದರೆ ತೋಟ ವರ್ಷದ ಹನ್ನೆರಡು ತಿಂಗಳೂ ಬರಿದಾಗುವುದಿಲ್ಲ.

ಉತ್ತರಕ್ಕೆ ಹೊರಟರೆ ಶ್ರೀರಂಗಪಟ್ಟಣ, ಮಂಡ್ಯ. ಕಾವೇರಿಯ ನಾಲೆಗಳ ಕೆಳಗೆ ಬತ್ತ, ಕಬ್ಬು, ಆಲೆಮನೆಯ ಬಿಸಿಬೆಲ್ಲ. ಮೈಸೂರ ಮಲ್ಲಿಗೆಯ ತೋಟಗಳೂ ಈ ಸುತ್ತಿನಲ್ಲಿಯೇ ಇವೆ. ಪೂರ್ವಕ್ಕೆ ತಿರುಮಕೂಡಲು ನರಸೀಪುರದ ಗದ್ದೆಗಳು. ಒಡೆಯರ ಹೆಸರಿನೊಡನೆ ಸೇರಿಕೊಂಡಿರುವ ರಾಜಮುಡಿ ಅಕ್ಕಿಯನ್ನು ಈ ಕಾವೇರಿ ಬಯಲಿನ ಕೆಲವು ರೈತರು ಇನ್ನೂ ಬಿಟ್ಟಿಲ್ಲ. ದಕ್ಷಿಣಕ್ಕೆ ವೀಳ್ಯದೆಲೆ, ಅದನ್ನು ದಾಟಿದರೆ ಕಪಿಲೆಯ ದಂಡೆಯ ರಸಬಾಳೆ. ಪಶ್ಚಿಮಕ್ಕೆ ಹುಣಸೂರು, ಹೆಗ್ಗಡದೇವನಕೋಟೆಗಳ ಹೊಲಗಳಲ್ಲಿ ರಾಗಿ, ಅವರೆ, ಹುರುಳಿ, ಅಲಸಂದೆ, ಬದುವಿನ ಮೇಲೆ ಹುಚ್ಚೆಳ್ಳು. ಇನ್ನು ಯಾರೂ ಬಿತ್ತದೆ, ಯಾರೂ ನೀರೆರೆಯದೆ ಹೊಲದ ಅಂಚಿನಲ್ಲಿ ತಾವಾಗಿ ಹುಟ್ಟುವ ಬೆರಕೆಸೊಪ್ಪುಗಳ ಹೆಸರುಗಳನ್ನು ಹೇಳುವುದಕ್ಕೆ ಹಳ್ಳಿಯ ಅಜ್ಜಿಯರೇ ಬೇಕು. ಮಳೆ ಬಿದ್ದ ಎರಡು ವಾರಕ್ಕೆ ಅವರು ಮಡಿಲಲ್ಲಿ ತುಂಬಿಕೊಂಡು ಬರುವ ಸೊಪ್ಪಿನ ಬಸ್ಸಾರು, ಮಸ್ಸೊಪ್ಪು, ಉಪ್ಸಾರುಗಳಿಗೆ ಸಾಟಿಯಾದ ಪದಾರ್ಥ ದೊಡ್ಡ ಹೋಟೆಲುಗಳ ಪಟ್ಟಿಯಲ್ಲಿ ಕಾಣಸಿಗುವುದು ಅಪರೂಪ.

ರಸಬಾಳೆಯ ಪಾಠ

ಆದರೆ ಈ ಸಂಪತ್ತು ಎಂದೆಂದಿಗೂ ಇದ್ದೇ ಇರುತ್ತದೆಂದು ನಂಬಿ ಕುಳಿತುಕೊಳ್ಳುವಂತಿಲ್ಲ. ನಂಜನಗೂಡಿನ ರಸಬಾಳೆ ಅದಕ್ಕೆ ಸಾಕ್ಷಿ. ತೆಳು ಸಿಪ್ಪೆ, ಮೃದುವಾದ ತಿರುಳು, ಕೋಣೆಯನ್ನೆಲ್ಲ ತುಂಬುವ ಪರಿಮಳ, ಇವು ಆ ಹಣ್ಣಿನ ಗುಣಗಳು. ನಂಜನಗೂಡಿನ ಸುತ್ತಣ ಕಪ್ಪು ಜೇಡಿಮಣ್ಣಿನಲ್ಲಿ, ದೇವರಸನಹಳ್ಳಿಯಂಥ ಊರುಗಳಲ್ಲಿ, ಒಂದು ಕಾಲಕ್ಕೆ ಅದು ಧಾರಾಳವಾಗಿ ಬೆಳೆಯುತ್ತಿತ್ತು. ಪನಾಮಾ ಸೊರಗುರೋಗವೆಂಬ ವ್ಯಾಧಿ ಅದಕ್ಕೆ ತಗುಲಿತು. ಇದನ್ನು ಉಂಟುಮಾಡುವ ಫ್ಯುಸೇರಿಯಂ ಜಾತಿಯ ಶಿಲೀಂಧ್ರ ಮಣ್ಣಿನಲ್ಲಿ ವಾಸಿಸುತ್ತದೆ. ಬೇರಿನ ಮೂಲಕ ಒಳಹೊಕ್ಕು ಗಿಡದ ನೀರಿನ ನಾಳಗಳನ್ನು ಕಟ್ಟಿಬಿಡುತ್ತದೆ. ಎಲೆ ಹಳದಿಗಟ್ಟಿ ಜೋತು ಬೀಳುತ್ತದೆ. ಒಮ್ಮೆ ಮಣ್ಣಿಗೆ ಸೇರಿತೆಂದರೆ ದಶಕಗಳ ಕಾಲ ಅಳಿಯುವುದಿಲ್ಲ. ಮಧ್ಯ ಅಮೆರಿಕದ ವಿಶಾಲವಾದ ತೋಟಗಳಲ್ಲಿ ‘ಗ್ರೋ ಮಿಶೆಲ್’ ಎಂಬ ಹೆಸರಾಂತ ಬಾಳೆಯನ್ನು 20ನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ಮೂಲೆಗುಂಪು ಮಾಡಿದ ರೋಗವೂ ಇದೇ.

ನಂಜನಗೂಡಿನ ರೈತ ಏಲಕ್ಕಿಬಾಳೆಗೆ, ಬೇರೆ ಬೆಳೆಗಳಿಗೆ ತಿರುಗಿಕೊಂಡ. ಅವನನ್ನು ದೂರುವುದು ಅನ್ಯಾಯ; ಹೆಂಡತಿ ಮಕ್ಕಳನ್ನು ಸಾಕಬೇಕಾದವನು ಸೊರಗುವ ಗಿಡವನ್ನು ಪ್ರೀತಿಗಾಗಿ ನೆಡಲಾರ. 1999ರಲ್ಲಿ ಅಂಗೀಕೃತವಾದ ಭೌಗೋಳಿಕ ಸೂಚಕಗಳ ಕಾಯಿದೆ 2003ರಲ್ಲಿ ಜಾರಿಗೆ ಬಂದ ಮೇಲೆ ನಂಜನಗೂಡಿನ ರಸಬಾಳೆ, ಮೈಸೂರಿನ ವೀಳ್ಯದೆಲೆ, ಮೈಸೂರ ಮಲ್ಲಿಗೆ ಮೂರಕ್ಕೂ ಅಧಿಕೃತ ಮುದ್ರೆ ದೊರೆಯಿತು. ಮುದ್ರೆ ಹೆಸರನ್ನು ಕಾಯುತ್ತದೆ. ಗಿಡವನ್ನು ಕಾಯುವುದು ಕೊಳ್ಳುವವನ ಕೈ. ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ 1942ರಲ್ಲಿ ಹೊರಬಂದು ಆ ಹೂವಿನ ಹೆಸರನ್ನು ಕನ್ನಡದ ಮನೆಮನೆಗೂ ಮುಟ್ಟಿಸಿತು. ಆದರೆ ಬಡಾವಣೆಗಳು ಬೆಳೆದು ತೋಟದ ಬಾಗಿಲಿಗೆ ಬಂದಾಗ, ನಾಲ್ಕು ಮೊಳ ಹೂ ಕೊಳ್ಳುವವರಿದ್ದರೆ ಮಾತ್ರ ಗಿಡ ಉಳಿಯುತ್ತದೆ. ವೀಳ್ಯದೆಲೆಯ ತೋಟಗಳು ಕುಗ್ಗುತ್ತ ಬಂದಿರುವುದನ್ನು ನಂಜನಗೂಡು ರಸ್ತೆಯಲ್ಲಿ ಓಡಾಡುವ ಮೈಸೂರಿಗರೆಲ್ಲ ಕಂಡಿದ್ದಾರೆ.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ ನಮ್ಮ ಕರಾವಳಿಯಲ್ಲಿದೆ. ಉಡುಪಿಯ ಬಳಿಯ ಮಟ್ಟು ಎಂಬ ಸಣ್ಣ ಊರಿನಲ್ಲಿ ಬೆಳೆಯುವ ‘ಮಟ್ಟು ಗುಳ್ಳ’ ಬದನೆಗೂ ಉಡುಪಿಯ ಮಠದ ಅಡಿಗೆಮನೆಗೂ ವಾದಿರಾಜರ ಕಾಲದಿಂದ ಸಂಬಂಧವಿದೆಯೆಂದು ಅಲ್ಲಿಯ ಜನ ಹೇಳುತ್ತಾರೆ. ಪರ್ಯಾಯದ ಸಮಯದಲ್ಲಿ ಮಟ್ಟುವಿನವರು ಗುಳ್ಳವನ್ನು ಕಾಣಿಕೆಯಾಗಿ ಒಪ್ಪಿಸುವ ಪದ್ಧತಿ ಇಂದಿಗೂ ನಡೆದುಬಂದಿದೆ. ತಲೆಮಾರುಗಳ ಕಾಲ ಒಂದು ತಳಿ ಬೆರಕೆಯಾಗದೆ ಉಳಿಯುವುದಕ್ಕೆ ನೆರವಾದದ್ದು, ಅದೇ ಬೇಕೆಂದು ಕೇಳುವ ದೊಡ್ಡ ಒಲೆಯೊಂದು ಹತ್ತಿರದಲ್ಲಿಯೇ ಉರಿಯುತ್ತಿದ್ದುದು. ಈರನಗೆರೆಯ ಹಸಿರು ಬದನೆಗೆ ಅಂಥ ಒಲೆ ಯಾವುದು? ವಾಂಗಿಭಾತಿಗೆ ಅದೇ ಬೇಕೆಂದು ಹಟ ಹಿಡಿಯುವ ಮೈಸೂರಿನ ಮುದುಕಿಯರು ಇದ್ದಾರೆ, ನಿಜ. ಆ ಹಟವನ್ನು ಹೋಟೆಲುಗಳೂ ಹಿಡಿಯಬೇಕು ಎಂಬುದೇ ಈ ಲೇಖನದ ತಾತ್ಪರ್ಯ.

ಕೈತೋಟದ ಲೆಕ್ಕ

ಹೋಟೆಲಿಗೆ ಬೇಕಾದುದನ್ನೆಲ್ಲ ಹಿತ್ತಿಲಿನಲ್ಲಿಯೇ ಬೆಳೆದುಬಿಡುತ್ತೇವೆಂದು ಕೆಲವರು ಉತ್ಸಾಹದಿಂದ ಹೊರಡುತ್ತಾರೆ. ಲೆಕ್ಕ ಹಾಕಿ ನೋಡಿದರೆ ಆ ಉತ್ಸಾಹ ಸ್ವಲ್ಪ ಇಳಿಯುತ್ತದೆ. ಹತ್ತು ಕೋಣೆಗಳ ಹೋಟೆಲು ಎಂದಿಟ್ಟುಕೊಳ್ಳೋಣ. ಇಪ್ಪತ್ತು ಜನ ಅತಿಥಿಗಳು, ಎರಡು ಹೊತ್ತಿನ ಊಟ. ದಿನಕ್ಕೆ 40 ಊಟದೆಲೆ ಬೇಕು. ಒಂದು ಬಾಳೆಯೆಲೆಯಿಂದ ಕುಡಿಯೂ ಸೀಳೂ ಸೇರಿ ಎರಡು ಮೂರು ಊಟದೆಲೆಗಳಾಗುತ್ತವೆ. ಹಾಗಾದರೆ ಪ್ರತಿದಿನ 15ರಿಂದ 20 ಎಲೆ ಕೊಯ್ಯಬೇಕು. ಚೆನ್ನಾಗಿ ಬೆಳೆದ ಗಿಡವೂ ವಾರ ಹತ್ತು ದಿನಕ್ಕೆ ಒಂದು ಹೊಸ ಎಲೆಯನ್ನಷ್ಟೇ ಬಿಡುತ್ತದೆ. ಎಲೆ ಕಿತ್ತ ಗಿಡದಲ್ಲಿ ಗೊನೆ ಸೊರಗುವುದರಿಂದ ಎಲೆಗೆಂದೇ ಬೇರೆ ಗಿಡಗಳಿರಬೇಕು. ಆರು ಅಡಿಗೊಂದರಂತೆ ನೆಟ್ಟರೂ 200 ಗಿಡಕ್ಕೆ ಏಳು ಗುಂಟೆ ಹಿಡಿಯುತ್ತದೆ. ಬರಿಯ ಎಲೆಗೇ ಇಷ್ಟು ನೆಲ. ಅಕ್ಕಿ, ಬೇಳೆ, ಎಣ್ಣೆ, ಹಾಲುಗಳನ್ನು ಹಿತ್ತಿಲಿನಲ್ಲಿ ಬೆಳೆಯುವ ಮಾತು ಹಾಗಿರಲಿ.

ಆದುದರಿಂದ ಕೈತೋಟದಲ್ಲಿ ಬೆಳೆಯಬೇಕಾದದ್ದು ಕಿತ್ತ ಗಳಿಗೆಯಿಂದ ಕೆಡತೊಡಗುವ ಪದಾರ್ಥಗಳನ್ನು. ಸೊಪ್ಪು ಅವುಗಳಲ್ಲಿ ಮೊದಲನೆಯದು. ಮೆಂತ್ಯ, ದಂಟುಗಳು ಬಿತ್ತಿದ ನಾಲ್ಕು ವಾರಕ್ಕೆ ಕೊಯ್ಲಿಗೆ ಬರುತ್ತವೆ. ನಾಲ್ಕೈದು ಮಡಿಗಳನ್ನು ಮಾಡಿಕೊಂಡು ವಾರಕ್ಕೊಂದು ಮಡಿಯಂತೆ ಬಿತ್ತುತ್ತ ಹೋದರೆ, ಕೊನೆಯ ಮಡಿಗೆ ಬೀಜ ಬೀಳುವ ಹೊತ್ತಿಗೆ ಮೊದಲನೆಯ ಮಡಿ ಅಡಿಗೆಗೆ ಸಿದ್ಧ. ಎಲ್ಲವನ್ನೂ ಒಂದೇ ದಿನ ಬಿತ್ತಿ, ತಿಂಗಳ ಕೊನೆಗೆ ಸೊಪ್ಪಿನ ರಾಶಿಯ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂರುವುದು ಹೊಸಬರ ವಾಡಿಕೆ. ಕರಿಬೇವು, ನುಗ್ಗೆ, ನಿಂಬೆ, ಹೇರಳೆ ಇವನ್ನು ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಕೊಡುತ್ತವೆ. ಬೇಲಿಗೆ ಬಸಳೆ ಮತ್ತು ತೊಂಡೆ. ಚಪ್ಪರಕ್ಕೆ ಹೀರೆ, ಪಡವಲ, ಸೋರೆ. ಬಚ್ಚಲಿನ ನೀರು ಹರಿಯುವೆಡೆ ಬಾಳೆ ಮತ್ತು ಕೆಸುವು. ಬಾವಿಕಟ್ಟೆಯ ಬಳಿ ಒಂದೆಲಗ, ದೊಡ್ಡಪತ್ರೆ. ಅಡಿಗೆಮನೆಯ ಸಿಪ್ಪೆ, ಉಂಡೆಸೆದ ಎಲೆ, ಕೊಟ್ಟಿಗೆಯ ಸಗಣಿ ಎಲ್ಲವೂ ಗುಂಡಿಗೆ ಹೋಗಿ ಗೊಬ್ಬರವಾಗಿ ಮಡಿಗೆ ಮರಳುತ್ತವೆ.

ಇಷ್ಟೆಲ್ಲ ಮಾಡಿದರೂ ಹಣ ಉಳಿಯುತ್ತದೆಯೇ ಎಂದು ಗೃಹಸ್ಥರು ಕೇಳಬಹುದು. ನೇರವಾಗಿ ಹೇಳುವುದಾದರೆ, ಉಳಿಯುವುದೆಂಬ ಭರವಸೆಯಿಲ್ಲ. ತೋಟಗಾರನ ವರ್ಷದ ಸಂಬಳವನ್ನು ಲೆಕ್ಕ ಹಿಡಿದರೆ, ಅಷ್ಟು ಸೊಪ್ಪನ್ನು ದೇವರಾಜ ಮಾರುಕಟ್ಟೆಯಿಂದ ತರಿಸುವುದೇ ಅಗ್ಗವಾದೀತು. ಕೈತೋಟದ ಲಾಭ ಬೇರೆ ಬಗೆಯದು. ಬೆಳಗ್ಗೆ ತೋಟ ಸುತ್ತಿ ಬಂದ ಅಡಿಗೆಯವನು ಇಂದು ಏನು ಬೆಂದರೆ ಚೆನ್ನ ಎಂದು ತಾನೇ ಕಾಣುತ್ತಾನೆ. ಅಚ್ಚು ಹಾಕಿಸಿದ ಪಟ್ಟಿಯ ಬದಲು ಬಾಗಿಲಲ್ಲಿ ಒಂದು ಕರಿಹಲಗೆ ನೇತಾಡುತ್ತದೆ. ಅದರ ಮೇಲೆ ದಿನಕ್ಕೊಂದು ಬರಹ. ಪೇಟೆಯಿಂದ ಬಂದ ಮಕ್ಕಳು ಹೀರೆಯ ಹೂವನ್ನೂ ನೆಲಗಡಲೆಯ ಬೇರನ್ನೂ ಮೊದಲ ಬಾರಿಗೆ ಕಾಣುತ್ತಾರೆ. ಹತ್ತು ನಿಮಿಷದ ಹಿಂದೆ ಕಿತ್ತ ಸೊಪ್ಪಿನ ರುಚಿಯನ್ನು ಒಮ್ಮೆ ಕಂಡ ನಾಲಿಗೆ ಬಾಡಿದ ಸೊಪ್ಪನ್ನು ಒಪ್ಪುವುದಿಲ್ಲ. ಅಡಿಗೆಮನೆಗೆ ಒಂದು ಅಳತೆಗೋಲು ದೊರೆಯುತ್ತದೆ. ಹೊರಗಿನಿಂದ ಕೊಳ್ಳುವ ಪದಾರ್ಥವನ್ನೂ ಅದೇ ಕೋಲಿನಿಂದ ಅಳೆಯತೊಡಗುತ್ತಾರೆ.

ನೆರೆಯ ಹೊಲವೇ ದೊಡ್ಡ ಹಿತ್ತಿಲು

ಉಳಿದುದೆಲ್ಲ ನೆರೆಹೊರೆಯ ಹೊಲಗಳಿಂದ ಬರಬೇಕು. ಇಲ್ಲಿಯೇ ಈ ಉದ್ಯಮದ ನಿಜವಾದ ಪರೀಕ್ಷೆ. ರೈತ ಬೆಳೆದು ತಂದ ಮೇಲೆ ಬೆಲೆ ಚೌಕಾಸಿ ಮಾಡುವುದು ಸಂತೆಯ ವ್ಯವಹಾರ. ಹಳ್ಳಿಯ ಹೋಟೆಲು ಬಿತ್ತನೆಗೆ ಮೊದಲೇ ರೈತನ ಜಗುಲಿಯ ಮೇಲೆ ಕುಳಿತು ಮಾತನಾಡಬೇಕು: “ಮಾರ್ಗಶಿರಕ್ಕೆ ನಮಗೆ ಇಷ್ಟು ಅವರೆಕಾಯಿ ಬೇಕು, ಬೇಸಿಗೆಗೆ ಇಷ್ಟು ಬದನೆ ಬೇಕು, ಬೆಲೆ ಇಷ್ಟು.” ಕೊಟ್ಟ ಮಾತು ಕೊಟ್ಟಂತೆ ನಡೆಯಬೇಕು, ಹಣ ಕೈಮೇಲೆ ಸಿಗಬೇಕು. ಸೊಟ್ಟ ಸೌತೆಯನ್ನೂ ಗುಂಡಗಿಲ್ಲದ ಬದನೆಯನ್ನೂ ಪೇಟೆಯ ಅಂಗಡಿ ತಿರಸ್ಕರಿಸಬಹುದು. ಹುಳಿಯ ಕೊಳಗಕ್ಕೆ ಬಿದ್ದ ಮೇಲೆ ಸೊಟ್ಟಗಿದ್ದುದಾವುದು, ನೆಟ್ಟಗಿದ್ದುದಾವುದು?

ರಸಬಾಳೆಯನ್ನೇ ಮತ್ತೆ ತೆಗೆದುಕೊಳ್ಳಿ. ಅಂಗಾಂಶ ಕೃಷಿಯಿಂದ ಬೆಳೆಸಿದ ರೋಗರಹಿತ ಸಸಿಗಳು ಈಗ ದೊರೆಯುತ್ತವೆ. ಆದರೆ ಮಣ್ಣಿನಲ್ಲಿ ರೋಗ ಅಡಗಿದ್ದರೆ ಹೊಸ ಸಸಿಗೂ ಅಪಾಯ ತಪ್ಪಿದ್ದಲ್ಲ. ಹಿಂದೆ ಬಾಳೆ ಹಾಕದ ನೆಲವನ್ನು ಹುಡುಕಿ ನೆಡಬೇಕು, ಕಾಯಬೇಕು, ಹಲವು ಗಿಡಗಳನ್ನು ಕಳೆದುಕೊಳ್ಳಲೂ ಸಿದ್ಧನಿರಬೇಕು. ಹಣ್ಣು ಬಹು ದಿನ ತಡೆಯುವುದಿಲ್ಲವಾದ್ದರಿಂದ ದೂರದ ಪೇಟೆಗೆ ಕಳಿಸುವುದೂ ಕಷ್ಟ. ಇಂಥ ಹಣ್ಣಿಗೆ ತಕ್ಕ ಗಿರಾಕಿ ಹತ್ತಿಪ್ಪತ್ತು ಮೈಲಿಯೊಳಗಿನ ಹೋಟೆಲೇ. ಹತ್ತು ಹೋಟೆಲುಗಳು ವಾರಕ್ಕೆ ಎರಡೆರಡು ಗೊನೆಯನ್ನು ಒಳ್ಳೆಯ ಬೆಲೆಗೆ ಕೊಳ್ಳುತ್ತೇವೆಂದು ಮೊದಲೇ ಮಾತು ಕೊಟ್ಟರೆ, ಕೆಲವು ಸಂಸಾರಗಳಿಗಾದರೂ ಆ ಗಿಡವನ್ನು ನೆಡುವ ಧೈರ್ಯ ಬಂದೀತು. ಒಂದು ಹಣ್ಣಿನ ಅಳಿವು ಉಳಿವು ಇಷ್ಟು ಸಣ್ಣ ಮಾತಿನ ಮೇಲೆ ನಿಂತಿರುತ್ತದೆ.

ಸುಗ್ಗಿಯಲ್ಲಿ ಬೆಳೆ ಮಿಕ್ಕಿ ಬಂದಾಗ ಏನು ಮಾಡುವುದು? ಅದಕ್ಕೂ ನಮ್ಮ ಹೆಂಗಸರು ಉಪಾಯ ಕಂಡುಕೊಂಡಿದ್ದಾರೆ. ಬೇಸಿಗೆಯ ಬಿಸಿಲಿಗೆ ಸಂಡಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿ. ಜಾಡಿಯಲ್ಲಿ ಮಿಡಿ, ಹೇರಳೆ, ನೆಲ್ಲಿಕಾಯಿ. ಊರಿನ ಹೆಂಗಸರ ಸಂಘಕ್ಕೆ ಈ ಕೆಲಸವನ್ನು ವಹಿಸಿದರೆ ಮಳೆಗಾಲದ ತಿಂಗಳುಗಳಿಗೆ ಉಗ್ರಾಣ ತುಂಬುತ್ತದೆ, ಅವರ ಕೈಯಲ್ಲೂ ನಾಲ್ಕು ಕಾಸು ಆಡುತ್ತದೆ. ಹೆಚ್ಚಿನ ತಿಳಿವಳಿಕೆ ಬೇಕಾದವರಿಗೆ, 1950ರಲ್ಲಿ ಚೆಲುವಾಂಬ ವಿಲಾಸದ ಅರಮನೆಯಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಮೈಸೂರಿನಲ್ಲಿಯೇ ಇದೆ. ಆಹಾರವನ್ನು ಕೆಡದಂತೆ ಕಾಪಾಡುವ ವಿದ್ಯೆಯ ಇಷ್ಟು ದೊಡ್ಡ ಕೇಂದ್ರವನ್ನು ಪಕ್ಕದಲ್ಲಿಟ್ಟುಕೊಂಡು ಮಾವಿನ ಹಣ್ಣನ್ನು ತಿಪ್ಪೆಗೆ ಸುರಿಯುವುದು ಹಿತ್ತಿಲ ಗಿಡದ ಗಾದೆಗೆ ಇನ್ನೊಂದು ನಿದರ್ಶನ.

ಹೊರನಾಡುಗಳಲ್ಲಿ

ಈ ವಿಚಾರ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನಲ್ಲಿ ರೇಮಂಡ್ ಬ್ಲಾಂ ಎಂಬ ಫ್ರೆಂಚ್ ಪಾಕಪ್ರವೀಣರು 1984ರಲ್ಲಿ ಹಳೆಯ ಬಂಗಲೆಯೊಂದನ್ನು ಹೋಟೆಲಾಗಿ ಮಾಡಿ, ಅದರ ಸುತ್ತಲೂ ತರಕಾರಿಯ ತೋಟ ಹಾಕಿದರು. ಆ ತೋಟವನ್ನು ನೋಡಲೆಂದೇ ಜನ ಹೋಗುತ್ತಾರೆ. ಆದರೆ ಅದು ಶ್ರೀಮಂತರ ಹೋಟೆಲು. ನಮಗೆ ಹೆಚ್ಚು ಹೊಂದುವ ಮಾದರಿ ಇಟಲಿಯದು. ಬೇಸಾಯದಿಂದ ಬದುಕು ಸಾಗದೆ ಹಳ್ಳಿಗಳು ಖಾಲಿಯಾಗುತ್ತಿದ್ದ ಆ ದೇಶದಲ್ಲಿ, ರೈತರು ತಮ್ಮ ಮನೆಯಲ್ಲಿಯೇ ಅತಿಥಿಗಳನ್ನು ಇಳಿಸಿಕೊಂಡು ಊಟ ಹಾಕುವ ಪದ್ಧತಿ ಬೆಳೆಯಿತು. 1985ರಲ್ಲಿ ಅದಕ್ಕಾಗಿಯೇ ಒಂದು ಕಾನೂನಾಯಿತು. ಬೇಸಾಯವೇ ಮುಖ್ಯವಾಗಿರಬೇಕು, ಅತಿಥಿಸೇವೆ ಅದಕ್ಕೆ ಪೂರಕವಾಗಿರಬೇಕು ಎಂಬುದು ಅದರ ತಿರುಳು. ಈ ಕ್ರಮವನ್ನು ತಿರುಗುಮುರುಗು ಮಾಡಿ, ಹೊಲವನ್ನು ಹುಲ್ಲುಹಾಸಾಗಿಸಿ, ಅಲಂಕಾರಕ್ಕೆ ನಾಲ್ಕು ಟೊಮೆಟೊ ಗಿಡ ನೆಟ್ಟರೆ ಅದು ತೋಟದ ಹೋಟೆಲಾಗುವುದಿಲ್ಲ. ಹೋಟೆಲಿನ ತೋಟವಷ್ಟೇ ಆಗುತ್ತದೆ.

ನಮ್ಮಲ್ಲಿಯೂ ಒಳ್ಳೆಯ ಸೂಚನೆಗಳು ಕಾಣುತ್ತಿವೆ. ವಿಶ್ವಸಂಸ್ಥೆ 2023ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ, ರಾಗಿಯ ಮುದ್ದೆಯನ್ನು ಬಡವರ ಊಟವೆಂದು ದೂರವಿಟ್ಟಿದ್ದವರೂ ಅದರ ಕಡೆಗೆ ಕೈ ಚಾಚಿದರು. ಮೈಸೂರಿನ ನಂಜರಾಜ ಬಹದ್ದೂರ್ ಛತ್ರದಲ್ಲಿ ದೇಸಿ ಬೀಜಗಳ, ಗೆಡ್ಡೆಗೆಣಸುಗಳ ಮೇಳಗಳು ನಡೆದಿವೆ. ದಾರಿಗರಿಗೆ ಆಸರೆಯಾಗಲೆಂದು ಹುಟ್ಟಿದ್ದು ಛತ್ರವೆಂಬ ಸಂಸ್ಥೆ. ಅದರ ಅಂಗಳದಲ್ಲಿ ಈ ನೆಲದ ಕಾಳುಬೀಜಗಳು ಮತ್ತೆ ಗಿರಾಕಿಗಳನ್ನು ಹುಡುಕುತ್ತಿರುವುದು ಉಚಿತವಾಗಿಯೇ ಇದೆ. ಮೇಳ ಎರಡು ದಿನದ್ದು. ಅಲ್ಲಿ ಕಂಡದ್ದನ್ನು ಉಳಿದ ದಿನಗಳಲ್ಲಿ ಎಲ್ಲಿ ಉಣ್ಣಬೇಕು ಎಂಬ ಪ್ರಶ್ನೆಗೆ ಉತ್ತರವಾಗಿ ಹಳ್ಳಿಯ ಹೋಟೆಲು ನಿಲ್ಲಬೇಕು.

ಅತಿಥಿಯ ಪಾಲು

ತೊಂದರೆಗಳಿಲ್ಲವೆಂದಲ್ಲ. ಬೆಲೆ ಏರಿ, ‘ಹಳ್ಳಿಯ ಊಟ’ವೆಂಬುದು ಹಣವಂತರ ಹೊಸ ಶೋಕಿಯಾಗಿಬಿಡಬಹುದು, ಆಗ ಅದನ್ನು ಬೆಳೆದವನೇ ಅದನ್ನು ಉಣ್ಣಲಾರ. ಮುದ್ದೆ, ಉಪ್ಸಾರು, ನಾಟಿಕೋಳಿ ಸಾರು, ಒತ್ತುಶ್ಯಾವಿಗೆ, ಕಾಯಿಹಾಲುಗಳಿಗೆ ಬೆಳ್ಳಿಯ ಬಟ್ಟಲು ಬೇಕಾಗಿಲ್ಲ. ಮಧ್ಯಮವರ್ಗದ ಕುಟುಂಬವೊಂದು ಒಂದು ಭಾನುವಾರ ಬಸ್ಸಿನಲ್ಲಿ ಹೋಗಿ ಉಂಡು ಬರುವಷ್ಟು ಅದರ ಬೆಲೆ ಇರಬೇಕು. ಹಾಗೆ ನಡೆಸಬೇಕಾದರೆ ಪದಾರ್ಥಗಳ ಸಂಖ್ಯೆ ಕಡಿಮೆಯಾಗಬೇಕು. ಇಪ್ಪತ್ತು ಬಗೆಯ ಮೆರವಣಿಗೆಯ ಬದಲು ಒಂದು ಸಾರು, ಒಂದು ಪಲ್ಯ, ಒಂದು ಚಟ್ನಿ, ಒಂದು ಮಜ್ಜಿಗೆ. ಆದರೆ ನಾಲ್ಕೂ ಆ ದಿನದ್ದು, ಆ ಊರಿನದು.

ಇದರಲ್ಲಿ ಅತಿಥಿಗೂ ಒಂದು ಪಾಲಿದೆ. ಆಷಾಢದಲ್ಲಿ ಅವರೆಕಾಯಿಯ ಸೊಗಡನ್ನೂ, ಮಾಘದಲ್ಲಿ ಮಾವಿನ ಹಣ್ಣನ್ನೂ ಕೇಳುವವರು ತೋಟವನ್ನು ಸೋಲಿಸುತ್ತಾರೆ. “ಏನೇನಿದೆ?” ಎಂದು ಕೇಳುವುದು ನಮಗೆಲ್ಲ ಅಭ್ಯಾಸವಾಗಿಹೋಗಿದೆ, ಬಡಿಸುವ ಹುಡುಗನೂ ಉಸಿರು ಬಿಡದೆ ಮೂವತ್ತು ಹೆಸರು ಒಪ್ಪಿಸುತ್ತಾನೆ. ಮುಂದಿನ ಬಾರಿ ಮಕ್ಕಳನ್ನು ಕಟ್ಟಿಕೊಂಡು ಮೈಸೂರಿನ ಸುತ್ತಣ ಯಾವುದಾದರೂ ಊರಿನಲ್ಲಿ ಇಳಿದಾಗ ಪ್ರಶ್ನೆಯನ್ನು ಸ್ವಲ್ಪ ಬದಲಿಸಿ ನೋಡಿ: “ಈ ಊರಿನದು ಏನಿದೆ?” ಮೊದಲನೆಯ ಸಲ ಉತ್ತರ ಬರಲಿಕ್ಕಿಲ್ಲ. ಹತ್ತು ಜನ ಕೇಳಿದರೆ ಮಾಲೀಕನ ಕಿವಿಗೆ ಬೀಳುತ್ತದೆ. ನೂರು ಜನ ಕೇಳಿದರೆ ಅವನು ಬೇಲಿಯಾಚೆಯ ರೈತನ ಜಗುಲಿಗೆ ಹೋಗುತ್ತಾನೆ. ಆ ರೈತ, ಬಿಡಬೇಕೆಂದಿದ್ದ ಬೀಜವನ್ನು ಅಟ್ಟದಿಂದ ಕೆಳಗಿಳಿಸುತ್ತಾನೆ.